ಆಡಿನ ಮರಿಗೆ ಹುಟ್ಟುತ್ತಲೇ ಗಂಟಲು ಊದಿದ್ದರೆ

ಆಡು ಸಾಕುವವರು ಇದನ್ನು ಸ್ವಲ್ಪ ಗಮನಿಸಿ. ಮರಿ ಹುಟ್ಟಿದ ಕೂಡಲೇ ಗಂಟಲಿನ ಕೆಳಗೆ ಗಡ್ಡೆ ಕಾಣುತ್ತದೆ, ಮೈಮೇಲೆ ಕೂದಲು ಕಡಿಮೆ, ಎದ್ದು ಮೊಲೆ ಹಿಡಿಯಲೂ ಶಕ್ತಿ ಇಲ್ಲ ಎಂದರೆ ಥೈರಾಯ್ಡ್ ಎಂಬ ಗಂಟಲಿನ ಗ್ರಂಥಿಯ ತೊಂದರೆ ಇರಬಹುದು. ಕೆಲವು ಮರಿಗಳು ಸತ್ತೇ ಹುಟ್ಟುತ್ತವೆ. ಸಾಮಾನ್ಯವಾಗಿ ಇದಕ್ಕೆ ಕಾರಣ ಗಬ್ಬದ ಆಡಿಗೆ ಅಯೋಡಿನ್ ಸಾಲದೆ ಹೋಗಿರುವುದು.

ಮೇವಿನಿಂದಲೂ ಇದು ಬರುತ್ತದೆ. ಹುಬ್ಬಳ್ಳಿ ಎಪಿಎಂಸಿ ಕಡೆಯಿಂದ ಕ್ಯಾಬೇಜ್ ಎಲೆ ಸುಮ್ನೆ ಸಿಗುತ್ತದೆ ಅಂತ ದಿನಾ ಅದನ್ನೇ ಹಾಕಬೇಡಿ. ಹಸಿ ಸೋಯಾ ಕಾಳು, ಸಾಸಿವೆ ಹಿಂಡಿಯೂ ಹಾಗೆಯೇ. ಇವೆಲ್ಲ ಥೈರಾಯ್ಡ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಅಪರೂಪಕ್ಕೆ ಸ್ವಲ್ಪ ತಿಂದರೆ ಚಿಂತೆ ಇಲ್ಲ.

ಆಡಿನ ಗಬ್ಬ ಸುಮಾರು 150 ದಿನ. ಆ ಅವಧಿ ಪೂರ್ತಿ ಅಯೋಡಿನ್ ಇರುವ ಖನಿಜ ಮಿಶ್ರಣ ಕೊಡಿ. ನೆಕ್ಕಲು ಹರಳುಪ್ಪು ಇಡುವವರೇ ಜಾಸ್ತಿ, ಆದರೆ ಅದರಲ್ಲಿ ಬಹಳ ಸಲ ಅಯೋಡಿನ್ ಸೇರಿಸಿರುವುದಿಲ್ಲ. ಚೀಟಿ ನೋಡಿ ಅಯೋಡಿನ್ ಉಪ್ಪನ್ನೇ ತನ್ನಿ. ಬಿಸಿಲು, ಮಳೆ ತಾಗದಂತೆ ಇಡಿ, ಇಲ್ಲದಿದ್ದರೆ ಅಯೋಡಿನ್ ಹೋಗಿಬಿಡುತ್ತದೆ.

ಗಡ್ಡೆ ಇರುವ ಮರಿಯನ್ನು ಬೆಚ್ಚಗಿಡಿ, ಗಿಣ್ಣದ ಹಾಲು ಬಾಯಿಗೆ ಹಾಕಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಅಥವಾ ಪಶು ಆಸ್ಪತ್ರೆಗೆ ಒಯ್ಯಿರಿ. ಅಯೋಡಿನ್ ಔಷಧಿಯನ್ನು ಡಾಕ್ಟರ್ ಹೇಳಿದಷ್ಟೇ ಕೊಡಿ. ಅದು ಜಾಸ್ತಿ ಆದರೂ ಇದೇ ಗಡ್ಡೆ ಬರುತ್ತದೆ! ಗಡ್ಡೆಗೆ ಬರೆ ಹಾಕುವುದಂತೂ ಬೇಡವೇ ಬೇಡ.

ಒಂದು ಮಾತು: ಹುಟ್ಟಿದಾಗ ಸರಿಯಿದ್ದು, ಚೆನ್ನಾಗಿ ಹಾಲು ಕುಡಿದು ಬೆಳೆಯುವ ಮರಿಗೆ ಆಮೇಲೆ ಗಂಟಲಲ್ಲಿ ಮೆತ್ತನೆ ಊತ ಬಂದರೆ ಅದು ಹೆಚ್ಚಾಗಿ ಬೇರೆ ಗ್ರಂಥಿಯದು, ತಾನೇ ಇಳಿಯುತ್ತದೆ. ಅಯೋಡಿನ್ ಕೊಟ್ಟರೂ ಒಂದೇ ಹೋತದ ಮರಿಗಳಿಗೆ ಮತ್ತೆ ಮತ್ತೆ ಗಡ್ಡೆ ಬಂದರೆ ವಂಶದ ದೋಷ ಇರಬಹುದು, ಹೋತ ಬದಲಿಸಿ ನೋಡಿ.