ಕ್ರಿಸ್‌ಮಸ್ ನಾಟಕಕ್ಕೆ ಪುಟ್ಟ ಕುರುಬನನ್ನು ತಯಾರು ಮಾಡುವುದು

ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ನಿಮ್ಮ ಮಗುವಿಗೆ ಕುರುಬನ ಪಾತ್ರ ಸಿಕ್ಕಿದೆಯಾ? ಮಂಗಳೂರಿನಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗ ನನಗೂ ಅದೇ ಸಿಕ್ಕಿತ್ತು.

ಬಟ್ಟೆಗೆ ದುಡ್ಡು ಹಾಕಬೇಡಿ. ಅಪ್ಪನ ಹಳೇ ಜುಬ್ಬಾ, ಸೊಂಟಕ್ಕೆ ಹಗ್ಗ, ಹೆಗಲಿಗೆ ಕಂಬಳಿ, ಕೈಗೊಂದು ಕೋಲು ಸಾಕು. ಗಡ್ಡಕ್ಕೆ ಹತ್ತಿ, ಗೋಂದು ಬೇಡ, ಮುಖ ತುರಿಸುತ್ತದೆ. ಕಾಡಿಗೆಯಲ್ಲಿ ಬರೆಯಿರಿ.

ನಿಜವಾದ ಕೆಲಸ ತಲೆಯ ಬೈರಾಸಿನದು, ಅಂದರೆ ತಲೆಗೆ ಹೊದಿಸುವ ಟವೆಲಿನದು. ಹಣೆಗೆ ಅಡ್ಡ ಇಟ್ಟು, ಸುತ್ತ ಅಗಲದ ಲಾಡಿ ಬಿಗಿಯಿರಿ. ಕಿವಿಯ ಹಿಂದೆ ಎರಡು ಸೇಫ್ಟಿ ಪಿನ್ ಹಾಕಿ. ಆಮೇಲೆ ಮಗುವನ್ನು ಮೊಣಕಾಲೂರಿಸಿ, ಮೂರು ಸಲ ಬಗ್ಗಿಸಿ ನೋಡಿ. ನನಗೆ ಪಿನ್ ಹಾಕಿರಲಿಲ್ಲ. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮುಂದೆ ಬಗ್ಗಿದೆ, ಬೈರಾಸು ಜಾರಿ ಕಣ್ಣು ಮುಚ್ಚಿತು. ಅಷ್ಟು ದಿನ ಕಾದಿದ್ದ ಬಾಲಯೇಸುವನ್ನು ನೋಡಲೇ ಆಗಲಿಲ್ಲ. ಆ ಬೇಸರ ಇನ್ನೂ ಇದೆ.

ಮಾತೇ ಇಲ್ಲದ ಪಾತ್ರ ಅಂತ ಮಗು ಅತ್ತರೆ ಬೈಬಲಿನಲ್ಲಿ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಓದಿ ಹೇಳಿ. ಯೇಸು ಹುಟ್ಟಿದ ಸುದ್ದಿಯನ್ನು ದೇವದೂತ ತಂದದ್ದು ಕುರುಬರಿಗೇ ಅಲ್ವಾ? 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಗೋದಲಿ ಮಾಡಿದ್ದನ್ನೂ ಹೇಳಿ. ಕಣ್ಣರಳಿಸಿ ಕೇಳುತ್ತಾರೆ.

ನೀರಿನ ಬಾಟಲಿ ಮರೆಯಬೇಡಿ. ಕರಾವಳಿಯಲ್ಲಿ ಡಿಸೆಂಬರಿನಲ್ಲೂ ಕಂಬಳಿಯೊಳಗೆ ಸೆಕೆ ಜಾಸ್ತಿ.