ನಾಲ್ಕನೆಯ ಹಗ್ಗ

ಕ್ರೈಸ್ತ ಸಭೆಯ ಸಭಾಪಾಲಕನಾಗಿ ಹದಿನೆಂಟು ವರ್ಷ ಕಳೆದ ಮೇಲೆ ನನಗೊಂದು ಕನಸು ಬಿತ್ತು. ನಮ್ಮ ಹಳೆಯ ಮನೆಯ ಮಾಡಿನ ಹಂಚುಗಳನ್ನು ತೆಗೆದು, ನನ್ನನ್ನು ಚಾಪೆಯ ಮೇಲೆ ಮಲಗಿಸಿ ಒಳಗೆ ಇಳಿಸುತ್ತಿದ್ದರು. ಮೂರು ಮೂಲೆಗಳ ಹಗ್ಗಗಳನ್ನು ಮೂವರು ಹಿಡಿದಿದ್ದರು. ನಾಲ್ಕನೆಯದನ್ನು ಹಿಡಿದವರು ಯಾರೂ ಇರಲಿಲ್ಲ. ಚಾಪೆ ಆ ಕಡೆಗೆ ವಾಲಿ, ನಾನು ಜಾರತೊಡಗಿದಾಗ ಎಚ್ಚರವಾಯಿತು.

ಕಥೆ ಎಲ್ಲಿಂದ ಬಂದಿತೆಂದು ಹುಡುಕಬೇಕಾಗಿರಲಿಲ್ಲ. ಕಪೆರ್ನೌಮಿನ ಮನೆಯ ಮಾಡನ್ನು ತೆರೆದು ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಮುಂದೆ ಇಳಿಸಿದ ಪ್ರಸಂಗವನ್ನು ನಾನು ಎಷ್ಟೋ ಸಲ ಬೋಧಿಸಿದ್ದೆ. ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳನ್ನು ಬರೆದವರಲ್ಲಿ, ಹೊತ್ತು ತಂದವರು ನಾಲ್ವರು ಎಂದು ಹೇಳುವವನು ಮಾರ್ಕನು. ಹಂಚುಗಳ ಮಾತು ಬರುವುದು ಲೂಕನಲ್ಲಿ. ಕನಸು ಎರಡನ್ನೂ ಸೇರಿಸಿಕೊಂಡು, ಒಬ್ಬನನ್ನು ಮಾತ್ರ ಕಳೆದಿತ್ತು.

ಆ ಹೊತ್ತಿಗೆ ನಾನು ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಗುಸ್ತಾವ್ ಯೂಂಗ್ ಅವರ ಬರಹಗಳನ್ನು ಮೂರು ವರ್ಷಗಳಿಂದ ಓದುತ್ತಿದ್ದೆ. ನಮ್ಮ ಸಭೆಯ ಬೇರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಾಸೆಲ್ ಮಿಷನ್ನಿನದು. 1834ರಲ್ಲಿ ಮಂಗಳೂರಿಗೆ ಮಿಷನರಿಗಳನ್ನು ಕಳುಹಿಸಿದ ಆ ನಗರದ ಅಂಚಿನಲ್ಲಿಯೇ, ಕ್ಲೈನ್‌ಹ್ಯೂನಿಂಗನ್ ಎಂಬಲ್ಲಿ, ಮುಂದೆ ಯೂಂಗ್ ಅವರ ತಂದೆ ಸಭಾಪಾಲಕರಾಗಿದ್ದರು. ಮಗನಿಗೆ ಧರ್ಮಬೋಧೆ ಕಲಿಸುವಾಗ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಯೈಕ್ಯದ ಪಾಠ ಬಂದಿತು. ಹುಡುಗ ಅದಕ್ಕಾಗಿಯೇ ಕಾದಿದ್ದ. ತಂದೆ ಮಾತ್ರ, ಇದು ತನಗೇ ಅರ್ಥವಾಗಿಲ್ಲವೆಂದು ಅದನ್ನು ಬಿಟ್ಟು ಮುಂದೆ ಹೋದರು. ಈ ಪ್ರಸಂಗವನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅರ್ಥವಾಗದಿದ್ದುದನ್ನು ಅರ್ಥವಾದಂತೆ ಪೀಠದಿಂದ ಹೇಳಿದ ಭಾನುವಾರಗಳು ನನ್ನ ಲೆಕ್ಕದಲ್ಲಿಯೂ ಬಹಳ ಇದ್ದವು.

ಯೂಂಗ್ ಸುವಾರ್ತೆಯ ಕಥೆಯನ್ನು ಪುರಾಣವೆಂದು ಕರೆದಾಗ ಅದು ಸುಳ್ಳೆಂದು ಹೇಳುತ್ತಿರಲಿಲ್ಲ. ನಮ್ಮ ಸಭೆಗಳಲ್ಲಿ ಆ ಶಬ್ದವನ್ನು ಅನ್ಯರ ಕಥೆಗಳಿಗೆ ಮೀಸಲಿಟ್ಟಿರುವುದರಿಂದ ನಾನಿದನ್ನು ಒತ್ತಿ ಹೇಳಬೇಕಾಗಿದೆ. ಮನಸ್ಸಿನ ಆಳವು ತನ್ನನ್ನು ತಾನು ಹೇಳಿಕೊಳ್ಳುವ ಭಾಷೆ ಪುರಾಣ ಎಂಬುದು ಅವರ ಮಾತಿನ ಸಾರ. ಮನಸ್ಸಿನಲ್ಲಿ ಮೂಡುವ ದೇವರ ಪ್ರತಿಮೆಯ ಬಗ್ಗೆ ಮಾತ್ರ ತಾವು ಮಾತಾಡಬಲ್ಲೆವು, ದೇವರ ಬಗ್ಗೆ ತೀರ್ಪು ಕೊಡಲಾರೆವು ಎಂದೂ ಅವರು ಮತ್ತೆ ಮತ್ತೆ ಹೇಳಿದ್ದಾರೆ.

ಕನಸು ಬಿದ್ದ ಬೆಳಿಗ್ಗೆಯೇ ನಾನು ತಪ್ಪಿದೆ. ಪುಸ್ತಕ ತೆರೆದು ಎರಡು ಪುಟ ವ್ಯಾಖ್ಯಾನ ಬರೆದುಬಿಟ್ಟೆ. ಮಾಡು ಎಂದರೆ ಅಹಂ, ಇಳಿಯುವುದು ಎಂದರೆ ಅಚೇತನಕ್ಕೆ, ನಮಗೇ ಅರಿವಿಲ್ಲದ ಮನಸ್ಸಿನ ಆಳಕ್ಕೆ, ಇಳಿಯುವುದು. ಮೂರು ಅಪೂರ್ಣ, ನಾಲ್ಕು ಪೂರ್ಣ. ಯೂಂಗ್ ಅವರಿಗೆ ನಾಲ್ಕು ಸಮಗ್ರತೆಯ ಸಂಖ್ಯೆಯಾಗಿತ್ತು; ತ್ರಯೈಕ್ಯದ ಪ್ರತಿಮೆಯಲ್ಲಿ ನಾಲ್ಕನೆಯದೊಂದು, ಅದರೊಡನೆ ಸ್ತ್ರೀತತ್ತ್ವವೂ, ಹೊರಗೆ ಉಳಿದಿದೆ ಎಂಬುದು ಅವರ ವಾದ. ಆದ್ದರಿಂದಲೇ 1950ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಯೇಸುವಿನ ತಾಯಿ ಮರಿಯಳ ಸ್ವರ್ಗಾರೋಹಣವನ್ನು ವಿಶ್ವಾಸಸತ್ಯವೆಂದು ಘೋಷಿಸಿದಾಗ, ಪ್ರೊಟೆಸ್ಟಂಟ್ ಮನೆಯಲ್ಲಿ ಹುಟ್ಟಿದ ಯೂಂಗ್ ಅದನ್ನು ಹದಿನಾರನೆಯ ಶತಮಾನದ ಮತಸುಧಾರಣೆಯ ನಂತರದ ಅತಿ ಮುಖ್ಯ ಧಾರ್ಮಿಕ ಘಟನೆಯೆಂದು ಕಂಡರು. ಇದನ್ನೆಲ್ಲ ನನ್ನ ಕನಸಿನ ಮೇಲೆ ಹೊದಿಸಿ, ನನ್ನ ಜಾಣತನಕ್ಕೆ ನಾನೇ ತೃಪ್ತನಾದೆ. ಸಂಜೆಗೆ ಕನಸು ಸತ್ತಿತ್ತು. ಚಿಹ್ನೆಯು ನಮಗೆ ಮೊದಲೇ ಗೊತ್ತಿರುವುದನ್ನು ತೋರಿಸುತ್ತದೆ, ಪ್ರತೀಕವು ಇನ್ನೂ ಗೊತ್ತಿಲ್ಲದ್ದನ್ನು ಹಿಡಿದಿರುತ್ತದೆ ಎಂಬ ಅವರ ಭೇದವನ್ನು ಪಾಠದಂತೆ ಒಪ್ಪಿಸಬಲ್ಲವನಾಗಿದ್ದರೂ, ಪ್ರತೀಕವೊಂದನ್ನು ಒಂದೇ ಬೆಳಿಗ್ಗೆಯಲ್ಲಿ ಚಿಹ್ನೆಯಾಗಿಸಿಬಿಟ್ಟಿದ್ದೆ.

ಯೇಸುಸಭೆ ಎಂಬ ಕಥೋಲಿಕ ಸಂಘದ ಒಬ್ಬ ಹಿರಿಯ ಪಾದ್ರಿಗಳಿಗೆ ಇದನ್ನು ಹೇಳಿದಾಗ ಅವರು, "ಬರೆದದ್ದನ್ನು ಮುಚ್ಚಿಡಿ. ಎಂಟು ದಿನ ಆ ಚಾಪೆಯ ಮೇಲೆಯೇ ಮಲಗಿ" ಎಂದರು. ಆ ಸಂಘದ ಸ್ಥಾಪಕ ಲೊಯೋಲದ ಇಗ್ನಾಸಿಯ ಕಲಿಸಿದ ಕ್ರಮ ಅದು: ಸುವಾರ್ತೆಯ ದೃಶ್ಯದೊಳಗೆ ಹೊಕ್ಕು ನೋಡುವುದು, ಕೇಳುವುದು, ಮೂಸುವುದು, ಮುಟ್ಟುವುದು. ಯೂಂಗ್ ಕೂಡ 1939ರಿಂದ 1940ರವರೆಗೆ ಝ್ಯೂರಿಕ್‌ನಲ್ಲಿ ಈ ಸಾಧನೆಯ ಮೇಲೆ ಉಪನ್ಯಾಸಗಳನ್ನು ಕೊಟ್ಟರು. ಇಗ್ನಾಸಿಯನಲ್ಲಿ ದೃಶ್ಯವನ್ನು ಶಾಸ್ತ್ರವೇ ಕೊಡುತ್ತದೆ. ಯೂಂಗ್ ಅವರ ಸಕ್ರಿಯ ಕಲ್ಪನೆಯಲ್ಲಿ ಒಳಗಿನಿಂದ ಬಂದ ಚಿತ್ರವನ್ನು ಅದರಷ್ಟಕ್ಕೆ ಚಲಿಸಲು ಬಿಟ್ಟು, ಎಚ್ಚರದಲ್ಲಿದ್ದುಕೊಂಡೇ ಅದರೊಡನೆ ಮಾತಿಗಿಳಿಯಬೇಕು. ನನ್ನ ಕನಸು ಎರಡರ ನಡುವೆ ನಿಂತಿದ್ದುದರಿಂದ ನಾನೂ ಅಲ್ಲಿಯೇ ನಿಂತೆ.

ದಿನವೂ ಬೆಳಗಿನ ಜಾವ ಅರ್ಧ ಗಂಟೆ ಕುಳಿತೆ. ಮೊದಲ ಎರಡು ದಿನ ಏನೂ ಆಗಲಿಲ್ಲ. ಮಧ್ಯೆ ಮಧ್ಯೆ ಭಾನುವಾರದ ಪ್ರಸಂಗಕ್ಕೆ ಒಳ್ಳೆಯ ವಾಕ್ಯಗಳು ಹೊಳೆಯುತ್ತಿದ್ದವು, ಅವನ್ನು ಬಿಡುವುದೇ ಕಷ್ಟವಾಯಿತು. ಮೂರನೆಯ ದಿನ ಹಂಚಿನ ಕೆಂಪು ಪುಡಿ ಮುಖದ ಮೇಲೆ ಉದುರಿತು, ಅಡುಗೆಮನೆಯ ಹೊಗೆ ಕುಡಿದ ಪಕ್ಕಾಸಿನ ವಾಸನೆ ಬಂದಿತು. ಐದನೆಯ ದಿನ ಜೋಲುತ್ತಿದ್ದ ಹಗ್ಗವನ್ನು ಕೈಯಲ್ಲಿ ಹಿಡಿದೆ. ಅದು ತೆಂಗಿನ ನಾರಿನ ಹಗ್ಗ, ನಡುವೆ ಒಂದು ಕಡೆ ನೀಲಿ ನೈಲಾನ್ ದಾರದಿಂದ ಗಂಟು ಹಾಕಿ ಸರಿಪಡಿಸಿದ್ದು. ಅದು ನಮ್ಮ ಬಾವಿಯ ಹಗ್ಗ. ಗಂಟು ಹಾಕಿದವನು ನನ್ನ ಅಣ್ಣ.

ಆಸ್ತಿ ಪಾಲಾದ ವರ್ಷದಿಂದ ಅಣ್ಣನೂ ನಾನೂ ಮಾತು ಬಿಟ್ಟು ಹನ್ನೊಂದು ವರ್ಷಗಳಾಗಿದ್ದವು. ಕ್ಷಮೆಯ ಬಗ್ಗೆ ಆ ಅವಧಿಯಲ್ಲಿ ನಾನು ಕೊಟ್ಟ ಪ್ರಸಂಗಗಳಿಗೆ ಲೆಕ್ಕವಿಲ್ಲ. ನಾವು ಒಪ್ಪಿಕೊಳ್ಳದೆ ಹಿಂದೆ ತಳ್ಳಿದ ನಮ್ಮದೇ ಭಾಗವನ್ನು ಯೂಂಗ್ ನೆರಳೆಂದು ಕರೆದರು. ಅಣ್ಣನು ನನ್ನ ನೆರಳಲ್ಲ, ಅವನು ಅವನೇ. ಆದರೆ ನನ್ನ ದುರಾಸೆಯನ್ನು ನಾನು ಅಷ್ಟು ವರ್ಷ ಅವನ ಮುಖದಲ್ಲಿಯೇ ನೋಡುತ್ತಾ ಬಂದಿದ್ದೆ. ಕೆಡುಕೆಂದರೆ ಒಳಿತಿನ ಅಭಾವ ಮಾತ್ರ ಎಂಬ ಸಭೆಯ ಹಳೆಯ ಬೋಧನೆಯ ವಿಷಯವಾಗಿ ಯೂಂಗ್ ಅವರಿಗೂ ಅವರ ಸ್ನೇಹಿತರಾದ ಡೊಮಿನಿಕನ್ ಪಾದ್ರಿ ವಿಕ್ಟರ್ ವೈಟ್ ಅವರಿಗೂ ದೀರ್ಘ ಭಿನ್ನಾಭಿಪ್ರಾಯವಿತ್ತು. ದೇವರಲ್ಲಿಯೇ ಕತ್ತಲೆಯ ಪಾಲಿದೆ ಎನ್ನುವವರೆಗೆ ನಾನು ಯೂಂಗ್ ಅವರೊಡನೆ ಹೋಗಲಾರೆ. ಆದರೂ ನನ್ನೊಳಗಿನ ಆ ಹಗೆ ಅಭಾವವಾಗಿರಲಿಲ್ಲ. ಅದಕ್ಕೆ ತೂಕವಿತ್ತು, ಚಾಪೆ ವಾಲಿದ್ದು ಅದರ ಭಾರದಿಂದಲೇ.

ಎಂಟನೆಯ ದಿನ ನಾನು ಮೇಲಕ್ಕೆ ನೋಡಿ "ಅಣ್ಣಾ" ಎಂದು ಕರೆದೆ. ಉತ್ತರ ಬರಲಿಲ್ಲ. ಬಂದಿತೆಂದು ಬರೆದರೆ ಸುಳ್ಳಾಗುತ್ತದೆ. ಹದಿನೈದು ದಿನಗಳ ನಂತರ ಬಸ್ಸು ಹತ್ತಿ ಅವನ ಮನೆಗೆ ಹೋದೆ. ಅತ್ತಿಗೆ ಬೆಲ್ಲದ ಕಾಫಿ ಕೊಟ್ಟರು. ಪಾಲಿನ ಮಾತು ಅಂದು ತೀರಲಿಲ್ಲ, ಇಂದಿಗೂ ಪೂರ್ತಿ ತೀರಿಲ್ಲ. ಹೊರಡುವಾಗ ಅಣ್ಣ ಬಸ್ ನಿಲ್ದಾಣದವರೆಗೂ ಬಂದ.

ಈಗ ಸಭೆಯ ಕೆಲವರು ತಮ್ಮ ಕನಸುಗಳನ್ನು ನನ್ನ ಬಳಿಗೆ ತರುತ್ತಾರೆ. ಮನಸ್ಸು ತೀರಾ ಕದಡಿದವರಿಗೆ ಈ ಸಾಧನೆಯನ್ನು ಹೇಳುವುದಿಲ್ಲ, ವೈದ್ಯರ ಬಳಿಗೆ ಕಳುಹಿಸುತ್ತೇನೆ. ಬೇರೆಯವರಿಗೂ ಒಂಟಿಯಾಗಿ ಮಾಡಬೇಡಿರೆಂದೇ ಹೇಳುತ್ತೇನೆ. ಇದರ ಅರ್ಥವೇನು ಪಾದ್ರಿಗಳೇ ಎಂದು ಅವರು ಕೇಳಿದಾಗ, ಕನಸಿನಲ್ಲಿ ಕಂಡ ವಸ್ತು ಯಾವ ಬಣ್ಣದ್ದು, ಎಷ್ಟು ಹಳೆಯದು, ಅದನ್ನು ಮೊದಲು ಎಲ್ಲಿ ನೋಡಿದ್ದೀರಿ ಎಂದು ವಿಚಾರಿಸಿ ಸುಮ್ಮನೆ ಕುಳಿತುಕೊಳ್ಳುತ್ತೇನೆ.