ಬೈಗುಳವನ್ನು ನೋಟ್‌ಬುಕ್ಕಿಗೆ ಇಳಿಸಿದೆ: ನನ್ನ ಅನುಭವ

"ಬೈಯುವವರ ಎದುರೇ ಕೂತು ಬರೆದುಕೊಳ್ಳುತ್ತೀರಾ? ಇನ್ನಷ್ಟು ರೇಗುತ್ತಾರೆ, ನೋಡುತ್ತಿರಿ" ಎಂದು ಪಕ್ಕದ ಮೇಜಿನ ಹಿರಿಯರು ಮೂಗು ಮುರಿದಿದ್ದರು. ಈಗ ಸಭೆಗೆ ಹೊರಡುವಾಗ ಅವರ ಕಂಕುಳಲ್ಲೂ ಒಂದು ನೋಟ್‌ಬುಕ್ ಇರುತ್ತದೆ. ಆ ಧೈರ್ಯದ ಮೇಲೆ, ಸಭೆಯಲ್ಲಿ ಎಲ್ಲರೆದುರು ಬೈಯುವ ಬಾಸನ್ನು ನಿಭಾಯಿಸಿದ ಬಗೆಯನ್ನು ಬರೆಯುತ್ತಿದ್ದೇನೆ.

ತಿಂಗಳ ಮಾರಾಟ ಮತ್ತು ದಾಸ್ತಾನಿನ ವರದಿ ಮಾಡುವುದು ನನ್ನ ಕೆಲಸ. ತಿಂಗಳ ಮೊದಲ ವಾರದ ಸಭೆ ಹೇಗಿರುತ್ತದೆಂದು ಈ ಕೆಲಸದವರಿಗೆ ವಿವರಿಸಬೇಕಿಲ್ಲ. ನನಗೆ ಮೊದಲ ಮಂಗಳಾರತಿ ಆದದ್ದು ವಾಪಸು ಬಂದ ಸರಕನ್ನು ಎರಡು ಸಲ ಕಳೆದದ್ದಕ್ಕೆ. ತಪ್ಪು ನನ್ನದೇ. ಆ ಮೊತ್ತ ಪರದೆಯ ಮೇಲೆ ಅಂಗೈಯಗಲ ಕಾಣುತ್ತಿತ್ತು. ಬಾಸ್ ಮಾರ್ಕರಿನ ಮುಚ್ಚಳವನ್ನು ಟಕ್ಕೆಂದು ತೆಗೆಯುವುದು, ಟಕ್ಕೆಂದು ಹಾಕುವುದು ಮಾಡುತ್ತಾ, "ಇಷ್ಟು ವರ್ಷ ಇಲ್ಲಿ ಏನು ಮಾಡುತ್ತಿದ್ದಿರಿ?" ಎಂದರು. ಹದಿನಾಲ್ಕೋ ಹದಿನೈದೋ ಜನ ಇದ್ದರು. ಎಲ್ಲರಿಗೂ ಒಮ್ಮೆಲೇ ತಮ್ಮ ತಮ್ಮ ಕಾಗದದಲ್ಲಿ ಏನೋ ಕಾಣಿಸಿತು. ನನ್ನ ಕಿವಿ ಸುಡುತ್ತಿತ್ತು.

ಮೊದಲು ಹಿಡಿದ ದಾರಿ ಮೌನ. ಮೂರ್ನಾಲ್ಕು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದರಿಂದ ಆದದ್ದು ಇಷ್ಟೇ: ಕಂಡವರ ತಪ್ಪುಗಳೆಲ್ಲ ನನ್ನ ಖಾತೆಗೆ ಜಮೆಯಾಗತೊಡಗಿದವು. ಆಮೇಲೆ ಒಂದು ರಾತ್ರಿ 11 ಗಂಟೆಗೆ ಎದ್ದು ಕೂತು ಎರಡು ಪುಟದ ಈಮೇಲ್ ಬರೆದೆ. ಅವರ ಮೇಲಿನವರಿಗೂ ಒಂದು ಪ್ರತಿ ಕಳಿಸಿದೆ. ಬರೆಯುವಾಗ ಬಹಳ ಸುಖವಿತ್ತು. ಆ ವರ್ಷ ನನ್ನ ಬೋನಸ್ಸಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕಾಣೆಯಾಯಿತು. ಈಮೇಲೇ ಕಾರಣವೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮೂರನೆಯದು ಇನ್ನೂ ದುಬಾರಿಯಾಯಿತು. ಅರ್ಧ ತಿಂಗಳ ಸಂಬಳ ಕೊಟ್ಟು ಆತ್ಮವಿಶ್ವಾಸದ ತರಬೇತಿಗೆ ಸೇರಿದೆ. ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಮಾತನಾಡಲು ಕಲಿಸಿದರು. ಕನ್ನಡಿಯ ಮುಂದೆ ನಾನು ಹುಲಿಯೇ. ಕನ್ನಡಿ ಮಾರ್ಕರ್ ಹಿಡಿದುಕೊಂಡಿರಲಿಲ್ಲ, ಅಷ್ಟೇ ವ್ಯತ್ಯಾಸ. ಕೊನೆಗೆ ಬೇರೆ ಕೆಲಸ ಹುಡುಕಿದೆ. ಸಿಕ್ಕಿತು, ಆದರೆ ಸಂಬಳ ಶೇ. 20ರಷ್ಟು ಕಡಿಮೆ. ಲೆಕ್ಕ ಹಾಕಿದರೆ ವರ್ಷಕ್ಕೆ ಎರಡು ತಿಂಗಳಿಗೂ ಮೀರಿದ ಸಂಬಳ ಕೈಬಿಡುತ್ತಿತ್ತು. ಯಾರದೋ ಕೋಪಕ್ಕೆ ನಾನೇಕೆ ಇಷ್ಟು ಕಟ್ಟಬೇಕು ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನೋಟ್‌ಬುಕ್ ತೆಗೆದೆ.

ಪುಟದ ನಡುವೆ ಒಂದು ಗೆರೆ. ಎಡಕ್ಕೆ ಕೆಲಸದ ಮಾತು, ಬಲಕ್ಕೆ ಉಳಿದದ್ದು. "ವಾಪಸು ಸರಕು ಎರಡು ಸಲ ಕಳೆದಿದೆ" ಎಡಕ್ಕೆ. "ಏನು ಮಾಡುತ್ತಿದ್ದಿರಿ" ಬಲಕ್ಕೆ, ಅವರ ಬಾಯಿಂದ ಬಂದಂತೆಯೇ. ಏಳೆಂಟು ನಿಮಿಷದ ಬೈಗುಳ ಮುಗಿದಾಗ ಎಡಗಡೆ ಎರಡು ಸಾಲಿಗಿಂತ ಹೆಚ್ಚು ಇದ್ದದ್ದು ಅಪರೂಪ. ನಡುವೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಯಾವ ಸಾಲು, ಸರ್?" ಮೊದಲ ಸಲ ಅವರು ರೇಗಿದ್ದು ನಿಜ. "ಏನದು ಬರೆಯುತ್ತಿರುವುದು?" ಎಂದರು. "ತಿದ್ದಬೇಕಾದದ್ದು, ಸರ್" ಎಂದೆ. ಮುಚ್ಚಳದ ಸದ್ದು ನಿಂತಿತು. ತಾನಾಡಿದ್ದು ಕಾಗದಕ್ಕೆ ಇಳಿಯುತ್ತಿದೆ ಎಂದು ಕಂಡಾಗ ಮನುಷ್ಯ ಪದಗಳನ್ನು ಆರಿಸಿ ಬಳಸತೊಡಗುತ್ತಾನೆ. ಮೂರನೆಯ ಸಭೆಯ ಹೊತ್ತಿಗೆ ಬೈಗುಳ ಉಕ್ತಲೇಖನದ ವೇಗಕ್ಕೆ ಬಂದಿತ್ತು.

ಮೊಬೈಲಿನಲ್ಲಿ ಬರೆದುಕೊಳ್ಳಲು ಹೋಗಬೇಡಿ. ನಾನು ಹೋಗಿದ್ದೆ. ಯಾರಿಗೋ ಸಂದೇಶ ಕಳಿಸುತ್ತಿದ್ದೇನೆಂದು ತಿಳಿದು ಅದಕ್ಕೂ ಬೈದರು. ಬಿಡಿ ಹಾಳೆಯೂ ಬೇಡ. ಒಂದು ಸಲ ಹಾಳೆಯನ್ನು ಸಭೆಯ ಕೋಣೆಯಲ್ಲೇ ಮರೆತು ಬಂದೆ. ಹೋಗಿ ನೋಡಿದರೆ ಇರಲಿಲ್ಲ. ಬಲಗಡೆ ತುಂಬಿ ತುಳುಕುತ್ತಿದ್ದ ಹಾಳೆ ಅದು. ಎರಡು ದಿನ ನಿದ್ದೆ ಬರಲಿಲ್ಲ.

ಬರೆದುಕೊಳ್ಳುವುದು ಅರ್ಧ ಕೆಲಸ. ಅದೇ ದಿನ ಎಡಗಡೆಯದನ್ನು ತಿದ್ದಿ, ಒಬ್ಬನೇ ಅವರ ಕೋಣೆಗೆ ಹೋಗುತ್ತೇನೆ. ಮೊದಲ ಸಲ ಹೀಗೆ ಹೇಳಿದ್ದೆ: "ತಪ್ಪು ನನ್ನದು, ತಿದ್ದಿದ್ದೇನೆ. ಮುಂದೆ ಇಂಥದ್ದು ಕಂಡರೆ ಸಭೆಗೆ ಮುಂಚೆ ನನ್ನನ್ನು ಕರೆಯಿರಿ. ಎಲ್ಲರೆದುರು ಬೈಸಿಕೊಂಡರೆ ನನಗೆ ಕೆಲಸ ಓಡುವುದಿಲ್ಲ. ಮೊದಲೇ ಹೇಳಿದರೆ ಸರಿಯಾದ ಅಂಕಿ ಹಿಡಿದುಕೊಂಡೇ ನೀವು ಸಭೆಗೆ ಹೋಗಬಹುದು." ಕ್ಷಮೆ ಕೇಳಿಸಿಕೊಳ್ಳಲು ಹೋದರೆ ಕೆಟ್ಟಿತು, ಅವರಿಗೇನು ಲಾಭ ಎಂಬುದು ಆ ಮಾತಿನಲ್ಲಿ ಇರಬೇಕು. ಒಳಗೆ ಹೋಗಲು ಸರಿಯಾದ ಹೊತ್ತನ್ನು ಹೇಗೆ ಕಂಡುಹಿಡಿಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ನನ್ನ ಬಾಸಿಗೆ ಓದುವ ಅಭ್ಯಾಸವಿದೆ.

ನಡುವೆ, ನಾನು ಬೈಸಿಕೊಂಡದ್ದು ಎಷ್ಟು ಜನರಿಗೆ ನೆನಪಿರುತ್ತದೆ ಎಂದು ಒಂದು ಪರೀಕ್ಷೆಯನ್ನೂ ಮಾಡಿದೆ. ಮನೋವಿಜ್ಞಾನಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹಾಕಿಕೊಳ್ಳಲು ನಾಚಿಕೆಯಾಗುವಂಥ ಚಿತ್ರದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಚಿತ್ರ ಗಮನಿಸಿರಬಹುದೆಂದು ತೊಟ್ಟವರು ಅಂದುಕೊಂಡಿದ್ದರು. ಗಮನಿಸಿದ್ದವರು ಕಾಲು ಭಾಗದಷ್ಟು ಮಾತ್ರ. ನಾನೂ ಒಂದು ಸಭೆಯಾಗಿ ಹತ್ತು ದಿನ ಬಿಟ್ಟು ಒಂಬತ್ತು ಜನರನ್ನು ಮಾತಿನ ನಡುವೆ ವಿಚಾರಿಸಿದೆ. ನಾನು ಬೈಸಿಕೊಂಡದ್ದು ನಾಲ್ವರಿಗೆ ನೆನಪಿತ್ತು. ಯಾಕೆ ಬೈಸಿಕೊಂಡೆ ಎಂಬುದು ಒಬ್ಬರಿಗೂ ನೆನಪಿರಲಿಲ್ಲ. ಐದನೆಯವರೊಬ್ಬರು ಅಂದು ಬೈಸಿಕೊಂಡದ್ದು ತಾವೇ ಎಂದು ತಿಳಿದಿದ್ದರು! ಉಸಿರನ್ನು ನಿಧಾನವಾಗಿ ಹೊರಗೆ ಬಿಡುವುದನ್ನೂ ಅಭ್ಯಾಸ ಮಾಡಿದೆ. ಎದೆಬಡಿತಕ್ಕೆ ಪರವಾಗಿಲ್ಲ, ಕಿವಿ ಬಿಸಿಯಾಗುವುದಕ್ಕೆ ಏನೂ ಪ್ರಯೋಜನವಾಗಲಿಲ್ಲ.

ಎಲ್ಲ ಬಾಸ್‌ಗಳ ಮುಂದೆ ಇದು ನಡೆಯುವುದಿಲ್ಲ. ಇನ್ನೊಂದು ವಿಭಾಗದ ಗೆಳೆಯರು ಮೂರು ತಿಂಗಳು ಬರೆದರು, ಎಡಗಡೆ ಖಾಲಿಯೇ ಉಳಿಯಿತು. ಅವರ ಮೇಲಿನವರದು ಕೆಲಸದ ಸಿಟ್ಟಾಗಿರಲಿಲ್ಲ, ಬರೀ ಚುಚ್ಚುವುದು. ಗೆಳೆಯರಿಗೆ ದಿನಾಂಕ, ಹೊತ್ತು, ಯಾರು ಯಾರಿದ್ದರು ಎಂಬುದನ್ನೂ ಬಲಗಡೆ ಸೇರಿಸಲು ಹೇಳಿದೆ. ದೂರು ಕೊಡುವಾಗ ಅದೇ ಪುಸ್ತಕ ಆಧಾರವಾಯಿತು.

ನನ್ನ ವಿಷಯದಲ್ಲಿ, ಕಳೆದ ಒಂದೂವರೆ ವರ್ಷದಲ್ಲಿ ಎಲ್ಲರೆದುರು ಬೈಸಿಕೊಂಡದ್ದು ಎರಡೇ ಸಲ. ಬೋನಸ್ ಪೂರ್ತಿ ಬಂತು, ಸ್ವಲ್ಪ ಹೆಚ್ಚೇ ಬಂತು. ಹೋದ ಸಭೆಯಲ್ಲಿ ಬಾಸ್ ಒಂದು ಅಂಕಿಗೆ ಸುತ್ತು ಹಾಕಿ, ಏನೋ ಹೇಳಲು ಬಾಯಿ ತೆರೆದು, ನನ್ನ ನೋಟ್‌ಬುಕ್ಕಿನ ಕಡೆ ನೋಡಿ, "ಇದು ಎಡಗಡೆ ಬರೆದುಕೊಳ್ಳಿ" ಎಂದರು. ಎಡ ಬಲದ ವಿಚಾರ ನಾನು ಅವರಿಗೆ ಯಾವತ್ತೂ ಹೇಳಿದ್ದಿಲ್ಲ. ಕಳೆದುಹೋದ ಹಾಳೆ ಎಲ್ಲಿಗೆ ಹೋಗಿತ್ತೆಂಬುದು ಅಂದು ಗೊತ್ತಾಯಿತು.